ಗ್ರಂಥಸೂಚಿಯ ಅಂಕಣಗಳ ವಿಭಜನೆ: ಭೇದಕಚಿಹ್ನೆ ಮತ್ತು ಶೂನ್ಯಸ್ಥಾನ

ತಾಡಪತ್ರದ ಬರವಣಿಗೆಯಲ್ಲಿ ಪದಪದಗಳ ನಡುವೆ ತೆರಪಿರುವುದಿಲ್ಲ. ‘ನತಸ್ಯ’ ಎಂಬುದನ್ನು ಒಂದೇ ಪದವಾಗಿ ಓದಿದರೆ ‘ನಮಸ್ಕರಿಸಿದವನ’ ಎಂದೂ, ‘ನ ತಸ್ಯ’ ಎಂದು ಬಿಡಿಸಿದರೆ ‘ಅವನದಲ್ಲ’ ಎಂದೂ ಅರ್ಥವಾಗುತ್ತದೆ. ಆದುದರಿಂದಲೇ ಪದಚ್ಛೇದವನ್ನು ಸಂಪಾದಕನ ಹೊಣೆಯೆಂದು ತಿಳಿಯಲಾಗಿದೆ. ಹಳೆಯ ಗ್ರಂಥಸೂಚಿಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯದಲ್ಲಿ ಇದೇ ಪ್ರಶ್ನೆ ಈಗ ಬೇರೊಂದು ರೂಪದಲ್ಲಿ ಎದುರಾಗಿದೆ.

ಜೈನ ಭಂಡಾರಗಳ ಒಂದೊಂದು ಕಟ್ಟಿನಲ್ಲಿ ಹಲವು ಗ್ರಂಥಗಳಿರುವುದು ಸಾಮಾನ್ಯ. ಸೂಚಿಕಾರರು ಅವೆಲ್ಲವುಗಳ ಹೆಸರನ್ನು ಒಂದೇ ಅಂಕಣದಲ್ಲಿ ಅರ್ಧವಿರಾಮದಿಂದಲೋ ದಂಡದಿಂದಲೋ ಬೇರ್ಪಡಿಸಿ ಬರೆದಿರುತ್ತಾರೆ. ಓದುಗನಿಗೆ ಇಷ್ಟು ಸಾಕು, ಯಂತ್ರಕ್ಕೆ ಸಾಲದು. 1998ರಲ್ಲಿ ಪ್ರಮಾಣೀಕೃತವಾದ ಎಕ್ಸ್‌ಎಂಎಲ್ ಎಂಬ ಬರಹಕ್ರಮದಲ್ಲಿ ದತ್ತಾಂಶದ ಪ್ರತಿಯೊಂದು ಭಾಗದ ಆದ್ಯಂತಗಳಲ್ಲಿ ಅದರ ಹೆಸರಿನ ಗುರುತಿರುತ್ತದೆ. 1987ರಲ್ಲಿ ಆರಂಭಗೊಂಡ ಟಿಇಐ ಯೋಜನೆಯ ಹಸ್ತಪ್ರತಿ ವರ್ಣನೆಯ ನಿಯಮಗಳು ಇದೇ ಕ್ರಮವನ್ನು ಅನುಸರಿಸಿ, ಕಟ್ಟಿನೊಳಗಿನ ಪ್ರತಿಯೊಂದು ಗ್ರಂಥಕ್ಕೂ ಕೃತಿನಾಮ, ಕರ್ತೃ, ಗರಿಗಳ ವ್ಯಾಪ್ತಿ ಇವುಗಳನ್ನೊಳಗೊಂಡ ಪ್ರತ್ಯೇಕ ಘಟಕವನ್ನು ಕಲ್ಪಿಸಿವೆ. ಹಳೆಯ ಅಂಕಣವನ್ನು ಸೀಳಿ ಇಂಥ ಘಟಕಗಳನ್ನಾಗಿ ಮಾರ್ಪಡಿಸಲು ಎಕ್ಸ್‌ಎಸ್‌ಎಲ್‌ಟಿ ಎಂಬ ರೂಪಾಂತರ ಭಾಷೆ ಬಳಕೆಯಲ್ಲಿದೆ.

1999ರ ಅದರ ಮೊದಲ ಆವೃತ್ತಿಯಲ್ಲಿ ಸೀಳುವುದಕ್ಕೆಂದೇ ಒಂದು ಕ್ರಿಯೆ ಇರಲಿಲ್ಲ. ಚಿಹ್ನೆಯ ಹಿಂದಿನ ಭಾಗವನ್ನು ತೆಗೆದುಕೊಂಡು, ಮುಂದಿನ ಭಾಗವನ್ನು ಮತ್ತೆ ಅದೇ ವಿಧಿಗೆ ಒಪ್ಪಿಸುವ ಪುನರಾವರ್ತನೆಯೇ ಉಪಾಯವಾಗಿತ್ತು. ಇಲ್ಲಿ ಒಂದು ತೊಡಕುಂಟು. ಚಿಹ್ನೆಯೇ ಇಲ್ಲದ ಕಡೆ ‘ಹಿಂದಿನ ಭಾಗ’ ಶೂನ್ಯವಾಗಿ ಬರುತ್ತದೆ. ಕೊನೆಯ ಗ್ರಂಥದ ನಂತರ ಚಿಹ್ನೆ ಇರದ ಕಾರಣ, ಎಚ್ಚರ ತಪ್ಪಿದರೆ ಆ ಗ್ರಂಥವೇ ಸೂಚಿಯಿಂದ ಮಾಯವಾಗುತ್ತದೆ. ಮೊದಲೇ ಅಂಕಣದ ಕೊನೆಗೊಂದು ಚಿಹ್ನೆಯನ್ನು ಸೇರಿಸಿಕೊಳ್ಳುವುದು ಇದಕ್ಕೆ ಪರಿಹಾರ. ಈ ಮೊದಲ ಆವೃತ್ತಿಯನ್ನಷ್ಟೇ ಬಲ್ಲ ಸಾಧನಗಳು ಇನ್ನೂ ಬಳಕೆಯಲ್ಲಿರುವುದರಿಂದ ಈ ಮಾತು ಅಪ್ರಸ್ತುತವಲ್ಲ.

2007ರ ಎರಡನೆಯ ಆವೃತ್ತಿಯಲ್ಲಿ ‘ಟೋಕನೈಜ್’ ಎಂಬ ಕ್ರಿಯೆ ದೊರೆತು ಕೆಲಸ ಒಂದೇ ಸಾಲಿಗಿಳಿಯಿತು. ಆದರೆ ಅದಕ್ಕೆ ಕೊಡುವ ಚಿಹ್ನೆ ಕೇವಲ ಅಕ್ಷರವಲ್ಲ, ಒಂದು ವಿನ್ಯಾಸಸೂತ್ರ. ಅದರಲ್ಲಿ ಬಿಂದುವಿಗೆ ‘ಯಾವುದಾದರೊಂದು ಅಕ್ಷರ’ ಎಂದರ್ಥ. ಬಿಂದುವನ್ನು ಭೇದಕವಾಗಿ ಹಾಗೆಯೇ ಕೊಟ್ಟರೆ ಅಕ್ಷರಗಳೆಲ್ಲ ಭೇದಕವೆನಿಸಿ ಬರಿಯ ಶೂನ್ಯಗಳು ಉಳಿಯುತ್ತವೆ. ದಂಡದ ವಿಷಯ ಇನ್ನೂ ವಿಚಿತ್ರ. ಯೂನಿಕೋಡಿನಲ್ಲಿ ದಂಡಕ್ಕೆ ಸ್ವಂತ ಸ್ಥಾನವಿದೆ. ನಾಗರಿಯ ವಿಭಾಗದಲ್ಲಿರುವ ಅದನ್ನೇ ಕನ್ನಡವೂ ಬಳಸುತ್ತದೆ. ಬೆರಳಚ್ಚುಗಾರರಾದರೋ ಅನೇಕ ವೇಳೆ ಕೀಲಿಮಣೆಯ ಲಂಬರೇಖೆಯನ್ನೇ ದಂಡವೆಂದು ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಸೂತ್ರದಲ್ಲಿ ಲಂಬರೇಖೆಗೆ ‘ಅಥವಾ’ ಎಂಬ ಅರ್ಥವಿರುವುದರಿಂದ ಅದನ್ನು ಒಂಟಿಯಾಗಿ ಕೊಟ್ಟರೆ ದೋಷಸೂಚನೆ ಬಂದು ಕೆಲಸ ನಿಲ್ಲುತ್ತದೆ. ಎರಡನ್ನೂ ಚೌಕಾವರಣದೊಳಗೆ ಇಟ್ಟರೆ ಯಂತ್ರ ಇಬ್ಬಗೆಯ ದಂಡವನ್ನೂ ಗುರುತಿಸುತ್ತದೆ. 2017ರಲ್ಲಿ ಬಂದ, ಭೇದಕವನ್ನೇ ಹೇಳದೆ ಬಳಸುವ ರೂಪವು ತೆರಪಿನಲ್ಲಿ ಸೀಳುವುದರಿಂದ ‘ರತ್ನಕರಂಡಕ ಶ್ರಾವಕಾಚಾರ’ ಎರಡು ಗ್ರಂಥವಾಗುವುದು. ಸೂಚಿಗಳಿಗೆ ಅದು ಸಲ್ಲದು.

ಈ ದೋಷಗಳು ತಾವಾಗಿ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದ ದೋಷವೇ ಹೆಚ್ಚು ಅಪಾಯಕರ. ಒಂದು ಕಟ್ಟಿನ ಕೃತಿಗಳು ‘ತತ್ತ್ವಾರ್ಥಸೂತ್ರ; ಜಿನಸ್ತೋತ್ರ; ರತ್ನಕರಂಡಕ; ಇಷ್ಟೋಪದೇಶ’ ಎಂದೂ, ಕರ್ತೃಗಳು ‘ಉಮಾಸ್ವಾಮಿ;; ಸಮಂತಭದ್ರ; ಪೂಜ್ಯಪಾದ’ ಎಂದೂ ಇವೆ ಎಂದಿಟ್ಟುಕೊಳ್ಳಬಹುದು. ಸ್ತೋತ್ರದ ಕರ್ತೃ ತಿಳಿಯದುದರಿಂದ ಸೂಚಿಕಾರನು ಎರಡು ಚಿಹ್ನೆಗಳ ನಡುವೆ ಬರಿದು ಸ್ಥಾನವನ್ನು ಬಿಟ್ಟಿದ್ದಾನೆ. ಟೋಕನೈಜ್ ಕ್ರಿಯೆ ಆ ಶೂನ್ಯವನ್ನು ಉಳಿಸಿಯೇ ಕೊಡುತ್ತದೆ. ಆದರೆ ಖಾಲಿ ತುಂಡುಗಳು ನಿಷ್ಪ್ರಯೋಜಕವೆಂದು ಭಾವಿಸಿ ಅವುಗಳನ್ನು ಶೋಧಿಸಿ ತೆಗೆಯುವುದು ಕ್ರಮವಿಧಿಕಾರರಲ್ಲಿ ರೂಢಿಯಾಗಿಬಿಟ್ಟಿದೆ. ಹಾಗೆ ತೆಗೆದು, ಉಳಿದುದನ್ನು ಸ್ಥಾನಾನುಸಾರ ಜೋಡಿಸಿದೊಡನೆ ಸ್ತೋತ್ರವು ಸಮಂತಭದ್ರರದಾಗುತ್ತದೆ, ರತ್ನಕರಂಡಕವು ಪೂಜ್ಯಪಾದರದಾಗುತ್ತದೆ, ಇಷ್ಟೋಪದೇಶವು ಕರ್ತೃಹೀನವಾಗುತ್ತದೆ. ಎರಡನೆಯ ತಪ್ಪನ್ನು ಯಾವ ಪಂಡಿತನೂ ಹಿಡಿಯುವನು. ಮೊದಲನೆಯದನ್ನು ಹಿಡಿಯುವುದು ಕಷ್ಟ, ಏಕೆಂದರೆ ಸ್ವಯಂಭೂಸ್ತೋತ್ರವನ್ನೂ ಸ್ತುತಿವಿದ್ಯೆಯನ್ನೂ ರಚಿಸಿದ ಆಚಾರ್ಯರ ಹೆಸರಿನ ಮುಂದೆ ಇನ್ನೊಂದು ಸ್ತೋತ್ರ ಕಂಡರೆ ಯಾರೂ ಶಂಕಿಸಲಾರರು. ಸಂಶೋಧನ ಲೇಖನಗಳಲ್ಲಿ ಅದು ‘ಅಪ್ರಕಟಿತ ಕೃತಿ’ಯೆಂದು ಉಲ್ಲೇಖಗೊಂಡರೂ ಆಶ್ಚರ್ಯವಿಲ್ಲ. ಒಳ್ಳೆಯ ಲಿಪಿಕಾರನು ಮಾತೃಕೆಯಲ್ಲಿ ಗರಿ ಮುರಿದ ಕಡೆ ಅಷ್ಟು ಜಾಗವನ್ನು ಖಾಲಿ ಬಿಟ್ಟು ಬರೆಯುವನೇ ಹೊರತು ಮುಂದಿನ ಅಕ್ಷರವನ್ನು ಎಳೆದು ಸೇರಿಸುವುದಿಲ್ಲ. ಯಂತ್ರದಿಂದಲೂ ಅದನ್ನೇ ಮಾಡಿಸಬೇಕು.

ಅಲ್ಪವಿರಾಮವಂತೂ ಭೇದಕವಾಗಲು ಅಯೋಗ್ಯ. ‘ಪೂಜ್ಯಪಾದ, ದೇವನಂದಿ, ಜಿನೇಂದ್ರಬುದ್ಧಿ’ ಎಂಬಲ್ಲಿ ಇರುವುದು ಮೂರು ನಾಮಗಳ ಒಬ್ಬರೇ ಆಚಾರ್ಯರು. ‘ನೇಮಿಚಂದ್ರ, ಸಿದ್ಧಾಂತಚಕ್ರವರ್ತಿ’ ಎಂಬಲ್ಲಿ ಎರಡನೆಯದು ಬಿರುದು. ಹಾಗೆಂದು ನೇಮಿಚಂದ್ರನೆಂಬ ಹೆಸರು ಬಂದೆಡೆಯಲ್ಲೆಲ್ಲ ಆ ಬಿರುದನ್ನು ಸೇರಿಸುವುದೂ ಸರಿಯಲ್ಲ. ದ್ರವ್ಯಸಂಗ್ರಹದ ಕರ್ತೃ ಗೊಮ್ಮಟಸಾರದ ಕರ್ತೃವೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಇಂಥ ನಿರ್ಣಯ ಭಾಷಾಶಾಸ್ತ್ರಕ್ಕೂ ಪರಂಪರೆಗೂ ಸೇರಿದ್ದು, ವಿನ್ಯಾಸಸೂತ್ರಕ್ಕಲ್ಲ.

ಕಾರ್ಯಕ್ರಮದಲ್ಲಿ ಒಂದು ನಿಯಮವನ್ನು ಇಟ್ಟುಕೊಳ್ಳುವುದು ಯುಕ್ತ. ಸೀಳಿದ ಮೇಲೆ ಕೃತಿ, ಕರ್ತೃ, ಗರಿ ಈ ಮೂರು ಅಂಕಣಗಳ ತುಂಡುಗಳನ್ನು ಎಣಿಸಬೇಕು. ಸಂಖ್ಯೆ ಸಮನಾದರೆ ಮಾತ್ರ ಜೋಡಿಸಿ, ಅಸಮವಾದರೆ ದಾಖಲೆಯನ್ನು ಪಂಡಿತರ ಪರಿಶೀಲನೆಗೆ ಬೇರೆಯಿಡಬೇಕು. ತುಂಡುಗಳ ಹಿಂದುಮುಂದಿನ ತೆರಪನ್ನು ಒರೆಸಬಹುದು. ಮೂಲದ ಅಂಕಣವನ್ನು ಮಾತ್ರ, ಸೀಳದೆ, ಇದ್ದಂತೆಯೇ ಹೊಸ ದಾಖಲೆಯ ಟಿಪ್ಪಣಿಯಲ್ಲಿ ಉಳಿಸಬೇಕು. ಪಾಠಾಂತರವನ್ನು ಅಡಿಯಲ್ಲಿ ಕೊಡುವ ಸಂಪಾದಕರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.