ಹೆಡ್‌ಲೈಟ್ ಮಿನುಗಿಸಿದರೆ ಸಿಗ್ನಲ್ ಬೇಗ ಹಸಿರಾಗುತ್ತದೆಯೇ?

ಕೆಂಪು ದೀಪದ ಮುಂದೆ ನಿಂತು ಹೈ ಬೀಮ್ ಅನ್ನು ನಾಲ್ಕೈದು ಸಲ ಆನ್-ಆಫ್ ಮಾಡಿದರೆ, ಆಂಬುಲೆನ್ಸ್ ಬಂತೆಂದು ತಿಳಿದು ಸಿಗ್ನಲ್ ಹಸಿರಾಗುತ್ತದಂತೆ. ಈ ಮಾತನ್ನು ನೀವೂ ಕೇಳಿರಬಹುದು. ಇದು ಸುಳ್ಳು. ಆದರೆ ಇದರ ಹಿಂದೆ ಅರ್ಧ ನಿಜವೊಂದಿದೆ.

ಅಮೆರಿಕದ ಅನೇಕ ನಗರಗಳಲ್ಲಿ ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳ ಮೇಲೆ ವಿಶೇಷ ದೀಪವಿರುತ್ತದೆ. ಅದು ಸೆಕೆಂಡಿಗೆ 10ರಿಂದ 14 ಬಾರಿ ನಿಗದಿತ ಲಯದಲ್ಲಿ ಮಿನುಗುತ್ತದೆ. ಸಿಗ್ನಲ್ ಬಳಿಯ ರಿಸೀವರ್ ಆ ಲಯವನ್ನು ಗುರುತಿಸಿ ದಾರಿ ಬಿಡುತ್ತದೆ. ಕೈಯಿಂದ ಸ್ವಿಚ್ ಒತ್ತಿ ಆ ವೇಗ ತರಲು ಸಾಧ್ಯವಿಲ್ಲ. ನಿಮ್ಮ ಹೈ ಬೀಮ್‌ನಿಂದ ಎದುರಿನ ಬೈಕ್ ಸವಾರನ ಕಣ್ಣು ಕುಕ್ಕುತ್ತದೆ, ಅಷ್ಟೇ.

ಹಾಗಾದರೆ ಹಸಿರಿನ ಸಮಯ ನಿಗದಿಯಾಗುವುದು ಹೇಗೆ? ಹಳೆಯ ವಿಧಾನದಲ್ಲಿ ವಾಹನಗಳನ್ನು ಎಣಿಸಿ, ಬೆಳಿಗ್ಗೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಮೊದಲೇ ಸಮಯ ತುಂಬಿಸಿಡುತ್ತಾರೆ. ಬೆಂಗಳೂರಿನ ಹಲವು ಜಂಕ್ಷನ್‌ಗಳಲ್ಲಿ 2024ರಿಂದೀಚೆಗೆ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ವ್ಯವಸ್ಥೆ ಬಂದಿದೆ. ಅದು ಕ್ಯಾಮೆರಾಗಳ ಮೂಲಕ ದಟ್ಟಣೆ ಅಳೆದು ಸಮಯವನ್ನು ಹೆಚ್ಚು-ಕಡಿಮೆ ಮಾಡುತ್ತದೆ. ಜಾಮ್ ವಿಪರೀತವಾದಾಗ ಪೊಲೀಸರೇ ಕೈಯಾರೆ ನಡೆಸುವುದೂ ಉಂಟು.

‘ನಮ್ಮ ರಸ್ತೆಗೆ ಇನ್ನೂ 20 ಸೆಕೆಂಡ್ ಕೊಟ್ಟರೆ ಏನು ಗಂಟು ಹೋಗುತ್ತದೆ?’ ಎಂದು ನಮಗೂ ಅನಿಸುತ್ತದೆ. ಆ 20 ಸೆಕೆಂಡ್ ಉಳಿದ ಮೂರು ರಸ್ತೆಗಳವರ ಕಾಯುವಿಕೆಗೆ ಸೇರುತ್ತದೆ. ಪಾದಚಾರಿಯ ಲೆಕ್ಕವೂ ಇದೆ. ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿದರೆ, 15 ಮೀಟರ್ ಅಗಲದ ರಸ್ತೆ ದಾಟಲು ಹನ್ನೆರಡೂವರೆ ಸೆಕೆಂಡ್ ಬೇಕು. ಮಂಡಿನೋವಿರುವ ಅಜ್ಜಿಗೆ ಅದೂ ಸಾಲದು.

ನಮಗೆ ಹೆಚ್ಚು ಆತಂಕ ತರುವುದು ಬೇರೆಯೇ ಸಂಗತಿ. ಒಂದು ಕಡೆ ಹಳದಿ ಮುಗಿದ ಮೇಲೆ, ಇನ್ನೊಂದು ಕಡೆ ಹಸಿರು ಬರುವ ಮುನ್ನ, ಒಂದೆರಡು ಸೆಕೆಂಡ್ ಎಲ್ಲ ಕಡೆಯೂ ಕೆಂಪಿರುವಂತೆ ಸಿಗ್ನಲ್‌ಗಳನ್ನು ಹೊಂದಿಸುತ್ತಾರೆ. ಆಗಲೇ ಜಂಕ್ಷನ್‌ನೊಳಗೆ ಬಂದ ವಾಹನ ಹೊರಗೆ ಹೋಗಲಿ ಎಂದೇ ಈ ಏರ್ಪಾಡು. ಆ ಬದಿ ಕೆಂಪಾಯಿತೆಂದು ಈ ಬದಿಯವರು ಎಕ್ಸಲೇಟರ್ ತಿರುವಿದರೆ ಇಬ್ಬರೂ ನಡುವೆ ಎದುರಾಗುತ್ತಾರೆ.

ರಾತ್ರಿ ಹೊತ್ತು ಸಿಗ್ನಲ್‌ನಲ್ಲಿ ಹಳದಿ ದೀಪವಷ್ಟೇ ಮಿನುಗುತ್ತಿದ್ದರೆ ಅದು ಕೆಟ್ಟಿದೆ ಎಂದಲ್ಲ. ವೇಗ ತಗ್ಗಿಸಿ, ಎರಡೂ ಬದಿ ನೋಡಿ ಮುಂದೆ ಹೋಗಿ. ಕೆಂಪು ಮಿನುಗುತ್ತಿದ್ದರೆ ಮಾತ್ರ ಪೂರ್ತಿ ನಿಂತು, ದಾರಿ ತೆರವಾಗಿದೆಯೇ ಎಂದು ನೋಡಿಯೇ ಹೊರಡಬೇಕು.