ನಿಲುವಂಗಿಯ ಆಚೆಗಿನ ಆಕ್ಸ್‌ಫರ್ಡ್

ಆಕ್ಸ್‌ಫರ್ಡಿನಲ್ಲಿ ಓದಬೇಕೆನ್ನುವವರನ್ನು ಮೊದಲು ಸೆಳೆಯುವುದು ಹಳೆಯ ಕಲ್ಲುಕಟ್ಟಡ, ಪರೀಕ್ಷೆಗೂ ತೊಡಬೇಕಾದ ಕಪ್ಪು ನಿಲುವಂಗಿ. ಆದರೆ 1096ರ ಹೊತ್ತಿಗೇ ಪಾಠ ನಡೆಯುತ್ತಿದ್ದ ಈ ಊರಿನ ನಿಜವಾದ ಆಸ್ತಿ ಟ್ಯುಟೋರಿಯಲ್: ಒಬ್ಬ ಅಧ್ಯಾಪಕರ ಎದುರು ಇಬ್ಬರು ಮೂವರೇ ಕುಳಿತು, ತಾವು ಬರೆದ ಪ್ರಬಂಧವನ್ನು ಸಮರ್ಥಿಸಿಕೊಳ್ಳಬೇಕು. ಉರುಹೊಡೆದದ್ದು ಅಲ್ಲಿ ಹೆಚ್ಚು ಹೊತ್ತು ನಿಲ್ಲದು. ಸಂಪ್ರದಾಯವೆಂದರೆ ಹಲವರನ್ನು ಹೊರಗಿಡುವುದೇ ಅಲ್ಲವೇ ಎಂಬ ಆಕ್ಷೇಪ ಸುಳ್ಳಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಪದವಿ ಸಿಕ್ಕಿದ್ದೇ 1920ರಲ್ಲಿ. ಆದರೂ ಆ ಪರಿಸ್ಥಿತಿ ಬದಲಾಯಿತು. ನಿಲುವಂಗಿಯನ್ನಂತೂ 2015ರಲ್ಲಿ ಮತ ಹಾಕಿ ಉಳಿಸಿಕೊಂಡವರು ವಿದ್ಯಾರ್ಥಿಗಳೇ! ಅಲ್ಲಿನ ಓದು ದುಬಾರಿ ಎಂಬ ಆಕ್ಷೇಪ ಮಾತ್ರ ಗಟ್ಟಿ. 1963ರಲ್ಲಿ ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾಸಂಘದ ಅಧ್ಯಕ್ಷರಾದ ನಾಟಕಕಾರ ಗಿರೀಶ ಕಾರ್ನಾಡರೂ ಅಲ್ಲಿಗೆ ಹೋದದ್ದು ರೋಡ್ಸ್ ವಿದ್ಯಾರ್ಥಿವೇತನದ ಬಲದಿಂದ. ಆಸೆಯುಳ್ಳವರು ಕಟ್ಟಡದ ಚಿತ್ರಗಳಿಗಿಂತ ಮೊದಲು ವಿದ್ಯಾರ್ಥಿವೇತನದ ಅರ್ಜಿಯ ಗಡುವು ನೋಡಲಿ.