ಮೂಗಿನ ಮೇಲಿನ ಅಪವಾದ

ನಾನು ವೈದ್ಯನಲ್ಲ, ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ತಲೆನೋವನ್ನು ಕುರಿತು ತಮ್ಮೆದುರು ನಾಲ್ಕು ಮಾತನಾಡುವ ಧೈರ್ಯ ಮಾಡಿದ್ದೇನೆ. ಅದಕ್ಕೆ ಕಾರಣ ನನ್ನ ಹೆಂಡತಿಯ ತಮ್ಮ. ಸಿದ್ದಾಪುರ ತಾಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ಈತ ಒಂಬತ್ತು ವರ್ಷ ತನ್ನ ಮೂಗಿಗೆ ಮದ್ದು ಮಾಡಿಸಿದ. ತಪ್ಪು ಮೂಗಿನದಾಗಿರಲಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮೂಗಿನ ಮೇಲೆ ಗುಮಾನಿ ಹುಟ್ಟುವುದು ಸಹಜವೇ. ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಸಿಲು ಕಾಣದು. ಗೋಡೆಗೆ ಪಾಚಿ, ಒಳಗೆ ಒಲೆಯ ಹೊಗೆ. ನೆಗಡಿಯಿಲ್ಲದ ಮನೆಯಿಲ್ಲ. ಹಾಗಾಗಿ ಹಣೆ ನೊಂದೊಡನೆ ‘ನನಗೆ ಸೈನಸ್ ಇದೆ’ ಎನ್ನುತ್ತೇವೆ. ಸೈನಸ್ ಎಂಬುದು ರೋಗದ ಹೆಸರಲ್ಲ. ಹಣೆ, ಕೆನ್ನೆ, ಮೂಗಿನ ಅಕ್ಕಪಕ್ಕದ ಎಲುಬುಗಳಲ್ಲಿರುವ ಗಾಳಿ ತುಂಬಿದ ಪೊಳ್ಳುಗಳಿಗೆ ಆ ಹೆಸರು. ಲ್ಯಾಟಿನ್ನಿನಲ್ಲಿ ಮಡಿಕೆ, ಕೊಲ್ಲಿ ಎಂದರ್ಥ. ನಮ್ಮವರ ಗಣಿತದ ‘ಜ್ಯಾ’ ಎಂಬ ಪದ ಅರಬರ ಬಾಯಲ್ಲಿ ರೂಪ ಕೆಟ್ಟು, ಲ್ಯಾಟಿನ್ನಿಗೆ ದಾಟುವಾಗ ಇದೇ ಮಾತಾಗಿ, ತ್ರಿಕೋನಮಿತಿಯಲ್ಲಿ ‘ಸೈನ್’ ಎಂದು ನೆಲೆಸಿತು. ಅದಿರಲಿ, ಪಾಠ ಹೇಳಿದವನ ಚಟ.

ನಮ್ಮವನ ನೋವು ಆಷಾಢದ ಹೊತ್ತಿಗೆ ಆರಂಭವಾಗುತ್ತಿತ್ತು. ರಾತ್ರಿ ಮಲಗಿ ಎರಡು ಗಂಟೆಯೊಳಗೆ ಎಬ್ಬಿಸುತ್ತಿತ್ತು. ಯಾವಾಗಲೂ ಬಲಗಣ್ಣಿನ ಸುತ್ತ. ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅದೇ ಬದಿಯ ಹೊಳ್ಳೆ ಕಟ್ಟುತ್ತಿತ್ತು. ಮಲಗಲಾರದೆ ಅಂಗಳದಲ್ಲಿ ಶತಪಥ ತಿರುಗುತ್ತಿದ್ದ. ‘ಕಣ್ಣ ಹಿಂದೆ ಕಾದ ಕಬ್ಬಿಣ ಇಟ್ಟಂಗೆ ಆಗ್ತು, ಭಾವಾ’ ಎಂದು ಒಮ್ಮೆ ಹೇಳಿದ. ಗಂಟೆ ಕಳೆದರೆ ಏನೂ ಆಗದವನಂತೆ ನಿದ್ದೆ. ಆರೇಳು ವಾರ ಹೀಗೆ ಕಾಡಿ, ಮುಂದಿನ ವರ್ಷದವರೆಗೆ ಸುಳಿವಿಲ್ಲ. ಆ ವಾರಗಳಲ್ಲಿ ಅವನ ಹೆಂಡತಿ ಬಾವಿಕಟ್ಟೆಯ ಕಡೆಯ ಬಾಗಿಲಿಗೆ ಅಗಳಿ ಹಾಕಿ ಅಲ್ಲಿಯೇ ಕುಳಿತಿರುತ್ತಿದ್ದಳೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಹಬೆ ಹಿಡಿದದ್ದಾಯಿತು, ಎರಡು ದವಡೆ ಹಲ್ಲು ಕೀಳಿಸಿದ್ದಾಯಿತು, ಮೂಗಿನ ಶಸ್ತ್ರಕ್ರಿಯೆಯೂ ಆಯಿತು. ಪ್ರತಿ ಸಲವೂ ಕೆಲವು ವಾರಗಳಲ್ಲಿ ನೋವು ತಾನಾಗಿ ನಿಂತಿತು. ಮಾಡಿದ ಚಿಕಿತ್ಸೆಗೆ ಹೆಸರು ಬಂತು. ಯಲ್ಲಾಪುರದ ಕಡೆಯ ಮುದಿ ನಾಟಿವೈದ್ಯರೊಬ್ಬರು ಮಾತ್ರ ‘ಇದು ಶೀತದ್ದಲ್ಲ, ಹೊತ್ತು ಹಿಡಿದು ಬರುವ ನೋವು’ ಎಂದಿದ್ದರು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಸುಶ್ರುತಸಂಹಿತೆ ಹನ್ನೊಂದು ಶಿರೋರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ ಅರ್ಧಾವಭೇದಕ ನಮ್ಮ ಅರೆತಲೆನೋವು. ಸೂರ್ಯಾವರ್ತವಾದರೋ ಹೊತ್ತೇರಿದಂತೆ ಏರಿ ಹೊತ್ತಿಳಿದಂತೆ ಇಳಿಯುವ ನೋವು. ಹಣೆಯ ಪೊಳ್ಳಿನ ಉರಿಯೂತವೂ ಹೆಚ್ಚುಕಡಿಮೆ ಹೀಗೆಯೇ: ಬೆಳಗ್ಗೆ ಎದ್ದ ಮೇಲೆ ಬಲಿತು, ಒಳಗಿನ ಕೀವು ಸೋರಿದಂತೆ ಮಧ್ಯಾಹ್ನದ ಮೇಲೆ ತಗ್ಗುತ್ತದೆ. ಪ್ರಾಚೀನರು ಹೊತ್ತನ್ನು ಲಕ್ಷಣವೆಂದು ಗಣಿಸಿದ್ದರು; ನಾವು ಬರಿಯ ಮೂಗನ್ನು ನೋಡಿದೆವು.

ಕಡೆಗೆ ಹುಬ್ಬಳ್ಳಿಯಲ್ಲಿ ತರುಣ ನರರೋಗತಜ್ಞರೊಬ್ಬರು ಕೇಳಿದ ಮೊದಲ ಪ್ರಶ್ನೆಯೇ ‘ಎಷ್ಟು ಹೊತ್ತಿಗೆ ಬರುತ್ತದೆ?’ ಎಂದು. ರೋಗದ ಹೆಸರು ‘ಕ್ಲಸ್ಟರ್’ ತಲೆನೋವು. ಗೊಂಚಲು ನೋವು ಎಂದರೆ ತಪ್ಪಾಗದು. ಸುಮಾರು ಸಾವಿರಕ್ಕೊಬ್ಬರಿಗೆ, ಅದರಲ್ಲಿಯೂ ಗಂಡಸರಿಗೆ ಹೆಚ್ಚು. ಒಂದು ಆಕ್ರಮಣ 15 ನಿಮಿಷದಿಂದ ಮೂರು ಗಂಟೆಯವರೆಗೆ. ದಿನಕ್ಕೆ ಎಂಟು ಸಲ ಬಂದರೂ ಬಂದೀತು. ಇದರ ದಾಯಾದಿಯೊಂದು ಇನ್ನೂ ವಿರಳ. 1974ರಲ್ಲಿ ನಾರ್ವೆಯ ವೈದ್ಯರು ಗುರುತಿಸಿದ್ದು. ಅದರ ನೋವು ಗಿಡ್ಡ, ಸಂಖ್ಯೆ ಜಾಸ್ತಿ; ಇಂಡೊಮೆಥಸಿನ್ ಎಂಬ ಒಂದೇ ಔಷಧಿಗೆ ಸಂಪೂರ್ಣ ಬಗ್ಗುತ್ತದೆ.

ಹಾಗಾದರೆ ಮೂಗು ಏಕೆ ಕಟ್ಟುತ್ತದೆ? ಮುಖದ ನೋವನ್ನು ಮಿದುಳಿಗೆ ಒಯ್ಯುವುದು ಮೂರು ಕವಲಿನ ಒಂದು ನರ. ಸೈನಸ್ಸುಗಳ ಸಂವೇದನೆಯೂ ಅದರದೇ, ಮಿದುಳ ಪೊರೆಯದೂ ಅದರದೇ. ಅದು ಕೆರಳಿದಾಗ ಮಿದುಳ ಕಾಂಡದಿಂದ ಮರುಸಂದೇಶವೊಂದು ಹೊರಟು, ಮೂಗಿನ ಹಿಂದಿರುವ ನರಗಂಟಿನ ಮೂಲಕ ಕಣ್ಣೀರ ಗ್ರಂಥಿಗೂ ಮೂಗಿನ ಪೊರೆಗೂ ಮುಟ್ಟುತ್ತದೆ. ಕಣ್ಣು ಸುರಿಯುತ್ತದೆ, ಮೂಗು ಊದುತ್ತದೆ. ಇಲ್ಲಿ ಮೂಗು ಸಾಕ್ಷಿಯೇ ಹೊರತು ಅಪರಾಧಿಯಲ್ಲ. ಅಮೆರಿಕದ ಸ್ಲಡರ್ ಎಂಬ ವೈದ್ಯ 1908ರಲ್ಲಿ ಇಂಥ ನೋವಿಗೆ ಸೈನಸ್ಸಿನ ಉರಿಯೂತದಿಂದ ಕೆಡುವ ಆ ನರಗಂಟೇ ಮೂಲವೆಂದು ವಾದಿಸಿದ್ದ. 1998ರಲ್ಲಿ ಲಂಡನ್ನಿನ ಸಂಶೋಧಕರು ಆಕ್ರಮಣದ ವೇಳೆಯಲ್ಲಿಯೇ ಮಿದುಳಿನ ಚಿತ್ರ ತೆಗೆದಾಗ, ಹೈಪೊಥಲಾಮಸ್ ಎಂಬ ಭಾಗ ಎಚ್ಚೆತ್ತಿದ್ದು ಕಂಡಿತು. ದೇಹದ ಗಡಿಯಾರವಿರುವುದೂ ಅದೇ ಭಾಗದಲ್ಲಿ.

ಸಾಮಾನ್ಯವಾದ ಅರೆತಲೆನೋವಿಗೂ ಇದೇ ಅಪವಾದ ಅಂಟಿದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ‘ಸೈನಸ್ ತಲೆನೋವು’ ಎಂದುಕೊಂಡಿದ್ದ 2,991 ಜನರನ್ನು ವಿಚಾರಿಸಿದಾಗ ಶೇಕಡಾ 88 ಜನರದು ಅರೆತಲೆನೋವಿನ ಬಗೆಯೇ ಆಗಿತ್ತು. ಬೆಂಗಳೂರಿನ ಸುತ್ತಣ ನಗರ, ಹಳ್ಳಿಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವರ್ಷಕ್ಕೊಮ್ಮೆಯಾದರೂ ಅರೆತಲೆನೋವು ಕಂಡವರು ಸುಮಾರು ನಾಲ್ಕರಲ್ಲೊಬ್ಬರು. ಇವರಲ್ಲಿ ಎಷ್ಟು ಜನ ಮೂಗಿಗೆ ಹಬೆ ಹಿಡಿಯುತ್ತಿದ್ದಾರೋ!

ಮೂಗನ್ನು ಪೂರ್ತಿ ಖುಲಾಸೆ ಮಾಡುವುದೂ ಸರಿಯಲ್ಲ. ಜ್ವರ, ಹಳದಿ ಕೀವು, ವಾಸನೆ ತಿಳಿಯದಿರುವುದು, ಇವು ಕೂಡಿ ಬಂದರೆ ಅದು ಸೈನಸ್ಸಿನ ಕಾಯಿಲೆಯೇ. ತಲೆಬುರುಡೆಯ ನಡುವೆ ಅಡಗಿರುವ ಸೈನಸ್ಸೊಂದು ಕೆಟ್ಟರೆ ಮೂಗು ಸೋರದೆಯೂ ಕಣ್ಣ ಹಿಂದೆ, ನೆತ್ತಿಯಲ್ಲಿ ನೋವಾದೀತು. ಅಲಕ್ಷ್ಯ ಮಾಡಿದರೆ ದೃಷ್ಟಿಗೇ ಅಪಾಯ. ಗೊಂಚಲು ನೋವಿನಂತೆಯೇ ಕಂಡದ್ದು ಸೈನಸ್ಸಿನ ಚಿಕಿತ್ಸೆಯಿಂದ ಶಮನವಾದ ಉದಾಹರಣೆಗಳೂ ವೈದ್ಯಪತ್ರಿಕೆಗಳಲ್ಲಿವೆ. ಪಿಟ್ಯುಟರಿ ಗ್ರಂಥಿಯ ಗಡ್ಡೆಯೂ ಈ ವೇಷ ಹಾಕಬಲ್ಲದು. ಆದ್ದರಿಂದ ತಲೆಯ ಚಿತ್ರ ಒಮ್ಮೆ ತೆಗೆಸಲೇಬೇಕು. ಆದರೆ ತಲೆನೋವೇ ಇಲ್ಲದವರ ಚಿತ್ರದಲ್ಲಿಯೂ ಸೈನಸ್ಸಿನ ಪೊರೆ ತುಸು ದಪ್ಪಗೆ ಕಾಣುವುದುಂಟು. ನಮ್ಮವನನ್ನು ಕತ್ತಿಗೆ ಒಪ್ಪಿಸಿದ್ದು ಅಂಥದೇ ಒಂದು ಚಿತ್ರ.

ಈಗ ಆಷಾಢ ಬಂತೆಂದರೆ ಹೃದಯದ ಇಸಿಜಿ ನೋಡಿ ವೆರಪಮಿಲ್ ಗುಳಿಗೆ ಶುರು ಮಾಡುತ್ತಾರೆ. ನೋವು ಎದ್ದಾಗ ಶುದ್ಧ ಆಮ್ಲಜನಕ, ಮುಖವಾಡದ ಮೂಲಕ, ನಿಮಿಷಕ್ಕೆ ಹನ್ನೆರಡು ಲೀಟರಿನಂತೆ, ಹದಿನೈದು ನಿಮಿಷ. ಸಿಲಿಂಡರನ್ನು ಒಲೆಯಿಂದ ದೂರ, ಜಗಲಿಯ ಮೂಲೆಯಲ್ಲಿ ನಿಲ್ಲಿಸಿದ್ದಾರೆ. ಬೀಡಿ ಸೇದುವವರನ್ನು ಜಗಲಿ ಹತ್ತಗೊಡುವುದಿಲ್ಲ. ಹೋದ ಮಳೆಗಾಲದಲ್ಲಿ ನಾನು ಅಲ್ಲಿದ್ದೆ. ರಾತ್ರಿ ಹನ್ನೆರಡೂವರೆಗೆ ಎದ್ದು ಬಂದ, ಮುಖವಾಡ ಹಾಕಿಕೊಂಡು ಕುಳಿತ. ಹನ್ನೆರಡು ಐವತ್ತಕ್ಕೆ ಅದನ್ನು ತೆಗೆದು, ಕಣ್ಣೊರೆಸಿಕೊಂಡು, ಒಳಗೆ ಹೋಗಿ ಮಲಗಿದ. ಬಾವಿಕಟ್ಟೆಯ ಕಡೆಯ ಬಾಗಿಲು ತೆರೆದೇ ಇತ್ತು.